ಪುಟದ ಮೇಲಿನ ಪಾಲು

ಪುಷ್ಯಮಾಸದ ಅವರಾತ್ರಿ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಸದಲಗಾದಿಂದ ಫೋನ್ ಬಂದಾಗ ನಾನು ಚಿಕ್ಕೋಡಿಯ ನನ್ನ ಅಂಗಡಿಯಲ್ಲಿ ಒಬ್ಬ ವಕೀಲರ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದೆ. ಒಳಗೆ ಸ್ಟೇಪಲ್ ಪಿನ್ ಸಿಕ್ಕಿಕೊಂಡು ಗೇರಿನ ಹಲ್ಲು ಮುರಿದಿತ್ತು. ಕಂಪ್ಯೂಟರ್ ರಿಪೇರಿ ಮಾಡುವವಳಿಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಹುಸಿ. ಪ್ಲಗ್ ಸಡಿಲಾಗಿರುತ್ತದೆ, ಇಲ್ಲವೇ ಮೌಸಿನ ಸೆಲ್ ತೀರಿರುತ್ತದೆ. ಹಾಗಾಗಿ ಸ್ಪೀಕರಿಗೆ ಹಾಕಿ ಕೆಲಸ ಮುಂದುವರಿಸಿದೆ.

“ಅಕ್ಕಾರ, ಹೊತ್ತಿಗಿ ತೆರೀವಲ್ಲವ್ರಿ. ಒಂದೂ ತೆರೀವಲ್ಲವು. ಎಲ್ಲಾದರ ಹೆಸರಿನ ಹಿಂದ ಏನೋ ನಾಕ ಅಕ್ಷರ ಬಂದ ಕುಂತಾವ್ರಿ.”

ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಫೋನ್ ಮಾಡಿದವಳು ಹೆಳವರ ಮನೆಯ ಸೊಸೆ. ಹೆಳವರೆಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆಮಾರಿನಿಂದ ತಲೆಮಾರಿಗೆ ಬರೆದಿಟ್ಟು, ಸುಗ್ಗಿಯ ಹೊತ್ತಿಗೆ ಮನೆಮನೆಗೆ ಬಂದು, ಪಡಸಾಲೆಯಲ್ಲಿ ಕೂತು ಓದಿ ಹೇಳಿ, ಕಾಳು ಪಡೆದು ಹೋಗುವವರು. ಆ ಪುಸ್ತಕವನ್ನು ಅವರು ಹೊತ್ತಿಗೆ ಅನ್ನುತ್ತಾರೆ. ಈ ಮನೆಯಲ್ಲಿ ಅಂಥವು ಮೂವತ್ತೊಂದು ಇದ್ದವು. ಕೆಲವು ವರ್ಷದ ಹಿಂದೆ ದೂಧಗಂಗೆಯ ನೀರು ಊರೊಳಗೆ ಬಂದಾಗ ಮೂರು ದಿನ ನೀರಲ್ಲಿ ನೆನೆದವು. ಆಮೇಲೆ ಅವನ್ನು ನೆರಳಿನಲ್ಲಿ ಒಣಗಿಸಿ, ಪುಟಪುಟ ಬಿಡಿಸಿ ಫೋಟೋ ತೆಗೆದವಳು ನಾನು. ಪುಟಗಳೆಲ್ಲ ಫೋಟೋ ಆದಮೇಲೆ ಕೈಯಲ್ಲೇ ಹಿಟ್ಟಾದವು. ಉಳಿದ ಹಿಟ್ಟಿನ ಮುದ್ದೆಯನ್ನು ಆ ಮನೆಯ ಅಜ್ಜ ಹೊಳೆಗೆ ಬಿಟ್ಟು ಬಂದರು. ಅಂದಿನಿಂದ ಮೂವತ್ತೊಂದೂ ಹೊತ್ತಿಗೆಗಳು ಅವರ ಮನೆಯ ಒಂದು ಕಂಪ್ಯೂಟರಿನಲ್ಲಿ, ಮತ್ತೆ ಅದರ ನಕಲು ಒಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಇದ್ದವು. ಬೇರೆಲ್ಲೂ ಇರಲಿಲ್ಲ.

“ತಂಗಿ, ಮಾತ ಆಮ್ಯಾಲ. ಮೊದಲ ನೆಟ್ಟಿನ ವಾಯರ್ ತಗಿ. ತಗದಿ? ಈಗ ಪವರ್ ಬಟನ್ ಒತ್ತಿ ಹಿಡಿ, ಪೂರಾ ಬಂದ್ ಆಗೂತನಕ ಬಿಡಬ್ಯಾಡ. ಮತ್ತ ಚಾಲೂ ಮಾಡಬ್ಯಾಡ. ಪೆನ್‌ಡ್ರೈವ್ ಹಚ್ಚಬ್ಯಾಡ, ಫೋನೂ ಹಚ್ಚಬ್ಯಾಡ. ನಾ ಬರಾಕತ್ತೇನಿ.”

“ಎಂಟ ದಿನದಾಗ ಮಾವಾರು ತಿರಗಾಟಕ್ಕ ಹೊಂಡತಾರ್ರಿ ಅಕ್ಕಾರ,” ಎಂದಳು. ಅಷ್ಟು ಹೇಳಿ ಫೋನ್ ಇಟ್ಟಳು. ಅದರ ಅರ್ಥ ನನಗೆ ಗೊತ್ತಿತ್ತು. ಹೊತ್ತಿಗೆ ಇಲ್ಲದೆ ಹೆಳವ ಯಾರ ಮನೆಯ ಮೆಟ್ಟಿಲೂ ಹತ್ತುವಂತಿಲ್ಲ.

ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದಕ್ಕೆ ಎರಡೆರಡು ಟ್ರೇಲರ್, ಮೇಲೆ ಕಿವಿ ಕಿತ್ತುಹೋಗುವ ಮರಾಠಿ ಹಾಡು. ನನ್ನ ಸ್ಕೂಟಿ ಅವುಗಳ ಹಿಂದೆ ತೆವಳಿಕೊಂಡು ಹೋಗುತ್ತಿತ್ತು. ನಿಜ ಹೇಳಬೇಕೆಂದರೆ ನಾನು ಅಷ್ಟೇನೂ ಗಾಬರಿಯಾಗಿರಲಿಲ್ಲ. ಹೊರಗಿನ ಡಿಸ್ಕ್ ಇದೆಯಲ್ಲ ಎಂಬ ಧೈರ್ಯ. ವಾರಕ್ಕೊಮ್ಮೆ ಹಚ್ಚಿ, ನಕಲು ಮಾಡಿ, ತೆಗೆದು ಕಪಾಟಿನಲ್ಲಿಡಬೇಕು ಎಂದು ಆ ಹುಡುಗಿಗೆ ನಾನೇ ಹೇಳಿಕೊಟ್ಟಿದ್ದೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗಿ ಅವಳು. ಗಂಡ ಹಾಲಿನ ಗಾಡಿ ಓಡಿಸುತ್ತಾನೆ, ಅವನಿಗೆ ಮನೆಯ ವಿದ್ಯೆ ಹತ್ತಲಿಲ್ಲ. ಮಾವನ ಕಡೆ ಕೂತು ಕಲಿಯುತ್ತಿದ್ದವಳು ಇವಳೇ. ಫೋಟೋದಲ್ಲಿದ್ದ ಹೊತ್ತಿಗೆಗಳನ್ನು ಕನ್ನಡದಲ್ಲೂ ಗಡಿಯಾಚೆಯ ಒಕ್ಕಲಿಗಾಗಿ ಮರಾಠಿಯಲ್ಲೂ ಟೈಪ್ ಮಾಡಲು ಆಗಷ್ಟೇ ಶುರು ಮಾಡಿದ್ದಳು.

ಮನೆಗೆ ಹೋದಾಗ ಅಜ್ಜ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಎಂಬತ್ತರ ಹತ್ತಿರದ ಜೀವ. “ಬರ್ರಿ ಬಾಯಾರ,” ಎಂದರು, ಅಷ್ಟೇ.

ಆ ಕಂಪ್ಯೂಟರಿನ ಸ್ವಂತ ವಿಂಡೋಸ್ ಚಾಲೂ ಮಾಡಿದರೆ ಉಳಿದದ್ದೂ ಹೋದೀತು. ಅದಕ್ಕೇ ನನ್ನ ಪೆನ್‌ಡ್ರೈವಿನಲ್ಲಿದ್ದ ಬೇರೆ ವ್ಯವಸ್ಥೆಯಿಂದ ಅದನ್ನು ಎಬ್ಬಿಸಿ, ಡಿಸ್ಕನ್ನು ಬರೀ ಓದುವುದಕ್ಕಷ್ಟೇ ತೆರೆದೆ. ಹೊತ್ತಿಗೆ ಒಂದು, ಹೊತ್ತಿಗೆ ಎರಡು, ಹೀಗೆ ಮೂವತ್ತೊಂದು ಫೋಲ್ಡರ್. ಪ್ರತಿ ಫೋಟೋದ ಹೆಸರಿನ ಬಾಲಕ್ಕೆ ಅದೇ ನಾಲ್ಕು ಅಕ್ಷರ. ಪ್ರತಿ ಫೋಲ್ಡರಿನಲ್ಲಿ ಒಂದು ಚೀಟಿ: ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ, ಬೀಗದ ಕೈ ಬೇಕಾದರೆ ಈ ವಿಳಾಸಕ್ಕೆ ಬರೆದು ಕೇಳಿದ್ದನ್ನು ಕೊಡಿ. ಇಂಥದನ್ನು ಮೊದಲೂ ಮೂರ್ನಾಲ್ಕು ಕಡೆ ನೋಡಿದ್ದೆ. ಅಲ್ಲೆಲ್ಲ ಹೋದದ್ದು ಬಿಲ್ಲು, ಲಗ್ನದ ಆಲ್ಬಮ್ಮು.

“ಹೋಗ್ಲಿ ಬಿಡು. ಕಪಾಟಿನ್ಯಾಗಿನ ಡಿಸ್ಕ್ ತಾ,” ಅಂದೆ.

ಸೊಸೆ ಕೆಂಪು ಬಟ್ಟೆಯಲ್ಲಿ ಸುತ್ತಿದ್ದನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಬಿಚ್ಚಿದರೆ ಡಿಸ್ಕಿನ ಮೇಲೆ ವಿಭೂತಿಯ ಮೂರು ಬೆರಳು, ಅರಿಶಿನ ಕುಂಕುಮ, ಬಾಡಿದ ಸೇವಂತಿಗೆ. ವಾಯರ್ ಚುಚ್ಚುವ ಕಿಂಡಿಯೊಳಗೂ ಕುಂಕುಮ.

“ಇದನ್ನ ಯಾವಾಗ ಹಚ್ಚಿದ್ದಿ?”

“ನಿನ್ನಿರಿ. ಪೂಜಿಗಿ.”

“ಪೂಜಿಗಿ ಹಚ್ಚೂದ್ ಯಾಕ ಬೇಕಿತ್ತ? ಹಂಗ ಇಟ್ಟ ಕುಂಕುಮ ಹಚ್ಚಿದ್ರ ಆಗತಿದ್ದಿಲ್ಲೇನ?”

ಉತ್ತರ ಕೊಟ್ಟವರು ಅಜ್ಜ. “ಮುಚ್ಚಿದ ಹೊತ್ತಿಗಿಗಿ ಪೂಜಿ ಮಾಡೂದಿಲ್ರಿ ಬಾಯಾರ. ಮುಚ್ಚಿದ್ದಂದ್ರ ಮಲಗಿದ್ದು. ತಿರಗಾಟಕ್ಕ ಹೊಂಡೂ ಮುಂದ ಬರೂ ಅಮಾಸಿಗಿ ಹೊತ್ತಿಗಿ ತೆರದ ಇಡಬೇಕು, ಮುಂದ ದೀಪಾ ಹಚ್ಚಬೇಕು, ದೀಪಾ ತಾನಾಗಿ ಆರೂತನಕ ಮುಚ್ಚಬಾರದು. ನಮ್ಮಪ್ಪ ಮಾಡಿದ್ದು, ಅವರಪ್ಪ ಮಾಡಿದ್ದು. ಈಗ ನಮ್ಮ ಹೊತ್ತಿಗಿ ಅಂದ್ರ ಇದ ಡಬ್ಬಿ ಅಲ್ರಿ?”

ಡಬ್ಬಿ ಹಚ್ಚಿ, ಹೊತ್ತಿಗೆಯ ಮೊದಲ ಪುಟ ತೆರೆದು, ಮುಂದೆ ದೀಪವಿಟ್ಟಿದ್ದಾರೆ. ದೀಪಕ್ಕೆ ಎಣ್ಣೆ ಧಾರಾಳ ಹಾಕಿದ್ದರಿಂದ ಅದು ಹೊತ್ತು ಮುಳುಗುವವರೆಗೂ ಉರಿದಿದೆ. ಅಷ್ಟು ಹೊತ್ತು ಕಂಪ್ಯೂಟರಿನೊಳಗಿದ್ದ ಕಳ್ಳ ಡಿಸ್ಕಿನಲ್ಲೂ ಒಂದೊಂದೇ ಕಡತ ಹಿಡಿದು ಬೀಗ ಹಾಕುತ್ತ ಹೋಗಿದ್ದಾನೆ. ಡಿಸ್ಕನ್ನು ಬಿಡಿಯಾಗಿ ಇಡಿ ಎಂದು ನಾನು ಹೇಳಿದ್ದೆನೇ ಹೊರತು ಯಾಕೆ ಎಂದು ಹೇಳಿರಲಿಲ್ಲ. ಯಾಕೆ ಎಂದು ಗೊತ್ತಿದ್ದರೆ ಆ ಅಜ್ಜ ತಾವೇ ಬೇರೆ ದಾರಿ ಹುಡುಕುತ್ತಿದ್ದರು.

“ಎರಡ ದಿನದಾಗ ಏನರ ಹೊಸಾದ ಹಾಕಿದ್ದೇನ ಕಂಪ್ಯೂಟರಿಗಿ?” ಎಂದು ಸೊಸೆಯನ್ನು ಕೇಳಿದೆ.

“ಆ ಅಕ್ಷರದ ಸಾಫ್ಟ್‌ವೇರ್ ಕೀ ಕೇಳಾಕತ್ತಿತ್ರಿ. ಅಮಾಸಿ ಹಿಂದಿನ ದಿನಾ ನಿಮಗ ಫೋನ್ ಮಾಡಿದ್ನೆಲ್ರಿ ಅಕ್ಕಾರ.”

ಮಾಡಿದ್ದಳು. ಆಗ ನಾನು ಗಿರಾಕಿಗಳ ನಡುವೆ ಇದ್ದೆ. ಆ ಕನ್ನಡ–ಮರಾಠಿ ಅಕ್ಷರದ ಸಾಫ್ಟ್‌ವೇರ್ ಖರೀದಿಯದ್ದಲ್ಲ, ಕದ್ದ ನಕಲು. ನಿಪ್ಪಾಣಿಯಿಂದ ಅಥಣಿಯವರೆಗೆ ಟೈಪಿಂಗ್ ಅಂಗಡಿಗಳಲ್ಲಿ ಅದೇ ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಓಡಾಡುತ್ತದೆ. ಆಂಟಿವೈರಸ್ ಅದನ್ನು ಕಂಡರೆ ಅಳಿಸಿಬಿಡುತ್ತದೆ. ಆದ್ದರಿಂದ ಅದನ್ನು ಹಾಕಿಕೊಡುವಾಗ ನಾನೇ ಆಂಟಿವೈರಸ್ ಬಂದ್ ಮಾಡಿದ್ದೆ. ಆ ದಿನ ಫೋನಿನಲ್ಲಿ ನಾನು ಹೇಳಿದ್ದು ಇದು: “ನೆಟ್ಟಿನ್ಯಾಗ ಅದರ ಕೀ ಸಿಗತೈತಿ, ಇಳಿಸಿಕೊ. ಕೆಂಪಗ ಏನರ ಬಂದ್ರ ಹೂಂ ಅನ್ನು.” ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗಿ ಹೂಂ ಅಂದಿದ್ದಳು. ಆ ಕೀ ಜೊತೆ ಒಳಬಂದ ಕಳ್ಳ ಒಂದು ದಿನ ಅಡಗಿದ್ದು ಅಮಾವಾಸ್ಯೆಯಂದು ಕೆಲಸ ಹಿಡಿದಿದ್ದ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತಾರಲ್ಲ, ಅದು ನನ್ನ ಕೆಲಸ. ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಸೊಸೆ ಮುಖ ಬಿಳಿಚಿಕೊಂಡು ನಿಂತಿದ್ದಳು. ನಾನು ಕಿಂಡಿಯೊಳಗಿನ ಕುಂಕುಮವನ್ನು ಊದಿ ತೆಗೆದು, ಕಂಪ್ಯೂಟರಿನ ಡಿಸ್ಕನ್ನೂ ಬಿಚ್ಚಿ, ಎರಡನ್ನೂ ಚೀಲಕ್ಕೆ ಹಾಕಿಕೊಂಡೆ.

“ಬರತಾವೇನ್ರಿ?” ಎಂದು ಅಜ್ಜ ಕೇಳಿದರು.

“ನೋಡ್ತೇನ್ರಿ ಅಜ್ಜಾರ,” ಅಂದೆ. ಆ ಹೊತ್ತಿನಿಂದ ನನಗೆ ಏನೂ ಅನ್ನಿಸುವುದು ನಿಂತಿತು. ದುಃಖವಿಲ್ಲ, ಭಯವಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ ಮೈಯೆಲ್ಲ ಜೋಮು.

ಅಂಗಡಿಗೆ ಬಂದು ಮೊದಲು ಮಾಡಿದ್ದು ಎರಡೂ ಡಿಸ್ಕುಗಳ ಪಡಿಯಚ್ಚು. ಮೂಲವನ್ನು ಮುಟ್ಟಬಾರದು, ಎಡವಟ್ಟಾದರೆ ನಕಲಿನ ಮೇಲೆ ಆಗಲಿ ಎಂಬುದು ಈ ಕೆಲಸದ ಮೊದಲ ಪಾಠ. ಹೊಸ ಎರಡು ಡಿಸ್ಕುಗಳಿಗೆ ಒಂದೊಂದು ಅಂಶವೂ ಇಳಿಯಲು ಮರುದಿನ ಮಧ್ಯಾಹ್ನದವರೆಗೆ ಹಿಡಿಯಿತು. ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೆಯ ನಕಲುಗಳಿವೆಯೇ ನೋಡಿದೆ, ಕಳ್ಳ ಮೊದಲೇ ಅಳಿಸಿದ್ದ. ಅಳಿಸಿದ ಕಡತಗಳನ್ನು ಎತ್ತುವ ಪ್ರೋಗ್ರಾಮ್ ಓಡಿಸಿದೆ. ಬೀಗ ಹಾಕುವಾಗ ಅದೇ ಜಾಗದ ಮೇಲೇ ಬರೆದಿದ್ದರಿಂದ ಎತ್ತಲು ಏನೂ ಉಳಿದಿರಲಿಲ್ಲ. ಇಂಥ ಬೀಗಗಳ ಜಾತಿ ಗುರುತಿಸುವ ಉಚಿತ ತಾಣವೊಂದಿದೆ. ಅದಕ್ಕೆ ಆ ಚೀಟಿಯನ್ನೂ ಒಂದು ಕಡತವನ್ನೂ ಕೊಟ್ಟೆ. ಜಾತಿ ಸಿಕ್ಕಿತು. ಈ ಜಾತಿಗೆ ಕೆಲವೊಮ್ಮೆ ಕೀಲಿ ಸಿಗುತ್ತದೆ, ನಿಮ್ಮದಕ್ಕೆ ಸಿಕ್ಕಿಲ್ಲ ಎಂದು ಉತ್ತರ ಬಂತು.

ಕೊಲ್ಲಾಪುರದಲ್ಲಿ ಹಾಳಾದ ಡಿಸ್ಕಿನಿಂದ ಮಾಹಿತಿ ಎತ್ತುವ ಒಬ್ಬರಿದ್ದಾರೆ. ಕೈ ತುಂಬ ಶುದ್ಧ, ಸುಳ್ಳು ಹೇಳುವುದಿಲ್ಲ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, “ವಿಸರೂನ್ ಜಾ ತಾಈ,” ಅಂದರು. ಮರೆತುಬಿಡು ಎಂದು. ಕಳ್ಳರಿಗೆ ಬರೆದು ನೋಡಲೇ ಎಂದರೆ, ಕೊಟ್ಟವರಿಗೂ ಕೀಲಿ ಬರದೆ ಕೂತದ್ದನ್ನು ನೋಡಿದ್ದೇನೆ ಅಂದರು.

ಮರೆಯಬಹುದಿತ್ತು. ಅಂಗಡಿಯಲ್ಲಿ ವಕೀಲರ ಪ್ರಿಂಟರ್ ಹಾಗೇ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಆದರೆ ಕೈ ಸುಮ್ಮನೆ ಕೂರುವುದಿಲ್ಲ. ನಾಲ್ಕನೆಯ ದಿನ ಒಂದು ಕಡತವನ್ನು ಚಿತ್ರವಾಗಿ ಅಲ್ಲ, ಬರೀ ಅಂಕಿಗಳಾಗಿ ತೋರಿಸುವ ಪ್ರೋಗ್ರಾಮಿನಲ್ಲಿ ತೆರೆದೆ. ಮೊದಲಿಗೆ ಕಲಸುಮೇಲೋಗರ. ಇಳಿಯುತ್ತ ಇಳಿಯುತ್ತ ಒಂದು ಕಡೆ ನಡೆ ಬದಲಾಯಿತು. ಆಚೆಗೆ ಫೋಟೋ ಕಡತಗಳಲ್ಲಿ ಇರಬೇಕಾದ ಗುರುತುಗಳು ಮತ್ತೆ ಮತ್ತೆ ಕಂಡವು. ಇನ್ನೊಂದು ಕಡತ ತೆರೆದೆ. ಅದೇ ಜಾಗದಲ್ಲಿ ಅದೇ ಬದಲಾವಣೆ. ಹತ್ತು ತೆರೆದೆ. ಕಳ್ಳನಿಗೆ ಅವಸರ. ಪ್ರತಿ ಕಡತದ ಮೊದಲ ನೂರೈವತ್ತು ಕೆಬಿಗೆ ಮಾತ್ರ ಬೀಗ ಹಾಕಿ ಮುಂದಿನದಕ್ಕೆ ಹೋಗಿದ್ದಾನೆ. ಉಳಿದದ್ದು ಮುಟ್ಟಿಲ್ಲ.

ಖುಷಿಯಾಗಬೇಕಿತ್ತು. ಅಷ್ಟರಲ್ಲಿ ಕಡತದ ಅಳತೆಯ ಕಡೆ ಕಣ್ಣು ಹೋಯಿತು. ನಾನೂರು ಕೆಬಿ.

ಫೋಟೋ ತೆಗೆದಾಗ ಒಂದೊಂದು ನಾಲ್ಕು ಎಂಬಿ ಇತ್ತು, ಅಂದರೆ ಇದರ ಹತ್ತು ಪಟ್ಟು. ಡಿಸ್ಕ್ ಬೇಗ ತುಂಬೀತು, ಅವರ ಹಳೆಯ ಕಂಪ್ಯೂಟರ್ ತೆರೆಯಲು ತಡಮಾಡೀತು ಎಂದು ಎಲ್ಲವನ್ನೂ ಕುಗ್ಗಿಸಿ ಕೊಟ್ಟವಳು ನಾನೇ. ದೊಡ್ಡವನ್ನು ನನ್ನ ಅಂಗಡಿಯ ಕಂಪ್ಯೂಟರಿನಿಂದ ಅದೇ ವಾರ ಅಳಿಸಿದ್ದೆ, ಆ ಡಿಸ್ಕೂ ಸುಟ್ಟು ಗುಜರಿಗೆ ಹೋಗಿ ಕಾಲವಾಗಿತ್ತು. ನಾಲ್ಕು ಎಂಬಿಯಲ್ಲಿ ನೂರೈವತ್ತು ಕೆಬಿ ಹೋದರೆ ಪುಟದ ತುದಿಯಲ್ಲಿ ಒಂದು ಬೆರಳಗಲ ಹೋಗುತ್ತಿತ್ತು. ನಾನೂರರಲ್ಲಿ ನೂರೈವತ್ತು ಅಂದರೆ ಪುಟದ ಮೂರನೇ ಒಂದು ಪಾಲಿಗಿಂತ ಹೆಚ್ಚು. ಅದೂ ಮೇಲಿನ ಪಾಲು.

ಹೆಳವರ ಹೊತ್ತಿಗೆಯಲ್ಲಿ ಒಂದು ಪುಟಕ್ಕೆ ಒಂದು ಮನೆತನ. ಮೇಲೆ ಮೂಲ ಊರು, ಮನೆದೇವರು, ಬೆಡಗು ಎಂಬ ಕುಲದ ಹೆಸರು, ಮೂಲಪುರುಷ, ಅವನ ಮಕ್ಕಳು. ಅಲ್ಲಿಂದ ಕೆಳಗಿಳಿಯುತ್ತ ಬಂದು ಬುಡದಲ್ಲಿ ಈಗ ಇರುವವರು. ಜನ ಅವರನ್ನು ಕೂರಿಸಿ ಕೇಳುವುದು ಮೇಲಿನದಕ್ಕಾಗಿ. ಬುಡದಲ್ಲಿರುವವರು ಯಾರೆಂದು ಅವರಿಗೇ ಗೊತ್ತಿರುತ್ತದಲ್ಲ.

ಇರಲಿ ಎಂದು ಕೂತೆ. ಕಡತದ ಶುರುವಿನಲ್ಲಿ ಚಿತ್ರದ ಅಳತೆ, ಬಣ್ಣದ ಲೆಕ್ಕವಿರುತ್ತದೆ; ಆ ತಲೆಯಿಲ್ಲದ ಫೋಟೋ ತಾನಾಗಿ ತೆರೆಯುವುದಿಲ್ಲ. ಅದಕ್ಕೆ ಅದೇ ಫೋನಿನಲ್ಲಿ, ಅದೇ ಅಳತೆಯಲ್ಲಿ ತೆಗೆದ ಗಟ್ಟಿ ಫೋಟೋವೊಂದರ ತಲೆಯನ್ನು ಕತ್ತರಿಸಿ ಅಂಟಿಸಬೇಕು. ಅವತ್ತು ಫೋಟೋ ತೆಗೆದ ಫೋನ್ ನನ್ನ ಮೇಜಿನ ಖಾನೆಯಲ್ಲೇ ಇತ್ತು, ಗಾಜು ಒಡೆದು. ಚಾರ್ಜಿಗೆ ಹಾಕಿದರೆ ಎದ್ದಿತು. ಗೋಡೆಯ ಕ್ಯಾಲೆಂಡರಿನ ಫೋಟೋ ತೆಗೆದು, ಅವತ್ತಿನ ಪ್ರೋಗ್ರಾಮಿನಲ್ಲೇ ಅಷ್ಟೇ ಕುಗ್ಗಿಸಿ, ಅದರ ತಲೆ ತೆಗೆದು ಹೊತ್ತಿಗೆಯ ಮೊದಲ ಪುಟಕ್ಕೆ ಹಚ್ಚಿದೆ. ಚಿತ್ರ ತೆರೆಯಿತು. ಬಣ್ಣ ಕೆಟ್ಟು ಗುಲಾಬಿ, ಪುಟದ ಎಡಭಾಗ ಬಲಕ್ಕೆ ಹೋಗಿ ಕೂತಿದೆ. ಆದರೆ ಅಜ್ಜನ ಮನೆಯ ಮೋಡಿ ಲಿಪಿಯಂಥ ದುಂಡು ಅಕ್ಷರ ಓದಲು ಬರುತ್ತಿತ್ತು.

ಮುಂದೆ ಹನ್ನೆರಡು ದಿನ ಅದೇ. ಸಾವಿರದ ನೂರು ಚಿಲ್ಲರೆ ಪುಟ. ಪ್ರತಿಯೊಂದಕ್ಕೂ ತಲೆ ಹಚ್ಚು, ಪಕ್ಕಕ್ಕೆ ಸರಿಸು, ಬಣ್ಣ ತಿದ್ದು, ಉಳಿಸು. ಮೊದಮೊದಲು ಹೆಸರು ಓದುತ್ತಿದ್ದೆ. ಎರಡನೆಯ ದಿನಕ್ಕೆ ಬಿಟ್ಟೆ. ಗೆರೆಗೆ ಗೆರೆ ಕೂಡಿದರೆ ಸಾಕು, ಮುಂದಿನದು. ಬೆಳಿಗ್ಗೆ ಬರುತ್ತಿದ್ದೆ, ಸಂಜೆ ಬಾಗಿಲು ಹಾಕುತ್ತಿದ್ದೆ. ಗಿರಾಕಿಗಳು ಬಂದು, ನನ್ನ ಮುಖ ನೋಡಿ, ಏನೂ ಕೇಳದೆ ಹೋಗುತ್ತಿದ್ದರು. ಊಟ ರುಚಿಸಲಿಲ್ಲ ಅಂತಲ್ಲ, ಉಂಡೆನೋ ಇಲ್ಲವೋ ನೆನಪಿಲ್ಲ.

ಹೊರಡುವ ದಿನ ಬಂದು ಹೋಯಿತು. ಅಜ್ಜ ಹೊರಡಲಿಲ್ಲ. ಸೊಸೆ ಒಮ್ಮೆ ಫೋನ್ ಮಾಡಿದಳು. “ಅಕ್ಕಾರ, ಮಾವಾರು ಒಂದ ಮಾತ ಅಂದಿಲ್ರಿ. ಅಂದಿದ್ರ ಬೇಶಿತ್ತು. ಎಂಟ ತಲಿಮಾರಿಂದ ಬಂದದ್ದು ನಾ ಬಂದು ಮೂರ ವರ್ಷದಾಗ ಹಾಳಾತು. ಹೂಂ ಅಂದದ್ದು ನನ್ನ ಕೈಯಲ್ರಿ? ನನಗ ತುತ್ತ ಇಳಿವಲ್ಲದ್ರಿ.”

ಕೆಲಸ ನಡದೈತಿ ಎಂದು ಹೇಳಿ ಫೋನ್ ಇಟ್ಟೆ. ಆ ಹುಡುಗಿಗೆ ಬೈದುಕೊಳ್ಳಲು ತಾನಾದರೂ ಇದ್ದಳು. ನಾನು ನನ್ನನ್ನು ಬೈದುಕೊಂಡೂ ಇರಲಿಲ್ಲ. ಹೇಳಿಬಿಡಬೇಕು ಎಂದು ಅವತ್ತು ತೀರ್ಮಾನಿಸಿದೆ. ಧೈರ್ಯದಿಂದಲ್ಲ. ಜೋಮು ಹಿಡಿದ ಕಾಲಿಗೆ ಕಲ್ಲೂ ಒಂದೇ, ಮುಳ್ಳೂ ಒಂದೇ.

ಕೊನೆಯ ಪುಟ ಮುಗಿದ ಮರುದಿನ ಎಲ್ಲವನ್ನೂ ಗಟ್ಟಿ ಕಾಗದಕ್ಕೆ ಅಚ್ಚು ಹಾಕಿದೆ. ಮೇಲಿನ ಪಾಲು ಹೋದಷ್ಟೂ ಬಿಳಿ ಜಾಗ ಬಿಟ್ಟು, ಕೆಳಗೆ ಸಿಕ್ಕದ್ದು. ಹೊತ್ತಿಗೆಗೊಂದು ಕಟ್ಟು. ಸದಲಗಾಕ್ಕೆ ಹೋದವಳು ಕಟ್ಟುಗಳನ್ನು ಅಜ್ಜನ ಮುಂದಿಟ್ಟು, ನೀರು ಕುಡಿಯುವುದಕ್ಕೂ ಮೊದಲೇ ಮೂರೂ ಹೇಳಿದೆ. ಆಂಟಿವೈರಸ್ ಬಂದ್ ಮಾಡಿದವಳು ನಾನು, ಕೆಂಪು ಬಂದರೆ ಹೂಂ ಅನ್ನು ಎಂದವಳು ನಾನು, ಫೋಟೋ ಕುಗ್ಗಿಸಿದವಳು ನಾನು. ಸೊಸೆಯದು ಎಳ್ಳಷ್ಟೂ ತಪ್ಪಿಲ್ಲ.

ಅಜ್ಜ ನನ್ನನ್ನು ನೋಡಲಿಲ್ಲ. ಮೇಲಿನ ಕಟ್ಟು ಬಿಚ್ಚಿ, ಒಂದು ಪುಟದ ಬುಡದಲ್ಲಿ ಬೆರಳಿಟ್ಟು ಮೇಲಕ್ಕೆ ಒಂದೊಂದೇ ಹೆಸರು ಹತ್ತಿದರು. ಬಿಳಿ ಜಾಗದ ಅಂಚಿಗೆ ಬಂದು ಬೆರಳು ನಿಂತಿತು.

“ನೀವು ಹೇಳದಿದ್ರ ನಮಗ ಗೊತ್ತಾಗತಿತ್ತೇನ್ರಿ?”

“ಇಲ್ರಿ.”

“ಹಂಗಾರ ಯಾಕ ಹೇಳಿದ್ರಿ?”

“ಈಕಿ ಊಟಾ ಬಿಟ್ಟಾಳಂತ್ರಿ.”

ಅಜ್ಜ ಸೊಸೆಯ ಕಡೆ ತಿರುಗಿ, “ಹೋಗವ್ವಾ, ಉಣ್ಣು ಹೋಗು,” ಅಂದರು. ಅವಳು ಒಳಗೆ ಹೋದಳು. ನನಗೆ ಉಣ್ಣಲು ಹೇಳಲಿಲ್ಲ. ನಮ್ಮ ಕಡೆ ಮನೆಗೆ ಬಂದವರನ್ನು ಹಾಗೆ ಕೂರಿಸುವುದಿಲ್ಲ. ಕೂತೆ.

ಮೇಲಿನ ಪಾಲು ಅಜ್ಜನ ಬಾಯಲ್ಲಿದೆ ಎಂದು ನನಗೆ ಗೊತ್ತಿತ್ತು. ಚಿಕ್ಕಂದಿನಿಂದ ಹಾಡಿಕೊಂಡು ಬಂದವರು. ಸೊಸೆ ಊಟ ಮುಗಿಸಿ ಬಂದಮೇಲೆ ನಾನೇ ಅಂದೆ, ಇಲ್ಲೇ ಕೂತು ಹೇಳಿರಿ, ಫೋನಿನಲ್ಲಿ ಹಿಡಿದುಕೊಳ್ಳೋಣ, ನಾಲ್ಕು ದಿನದಲ್ಲಿ ಮುಗಿಯುತ್ತದೆ. ಅಜ್ಜ ತಲೆ ಅಲ್ಲಾಡಿಸಿದರು.

“ಆಯಾ ಮನಿಯವರ ಮುಂದ ಕುಂತ ಹೇಳೂ ಮಾತ್ರಿ ಇವು. ಆ ಪಡಸಾಲ್ಯಾಗ ಕುಂತ್ರ ಬಾಯಿಗಿ ತಾವ ಬರತಾವು. ಇಲ್ಲೆ ಕುಂತ ಫೋನಿಗಿ ಹೇಳಂದ್ರ ಬರೂದಿಲ್ಲ, ಹೇಳಲೂಬಾರದು.” ಕಟ್ಟುಗಳನ್ನು ಒಂದರ ಮೇಲೊಂದು ಜೋಡಿಸುತ್ತ, “ತಿರಗಾಟಕ್ಕ ಹೆಂಗೂ ಹೋಗಬೇಕಲ್ಲಾ. ಹೋಗೂಣು. ಈಕಿನೂ ಬರಲಿ. ನಾ ಹೇಳತೇನಿ, ಈಕಿ ಮ್ಯಾಲಿನದು ಬರೀಲಿ,” ಅಂದರು.

ಬಿಳಿ ಜಾಗವನ್ನು ಮನೆಮನೆಗೆ ಹೊತ್ತು ತೋರಿಸುವುದು ಅವರಿಗೆ ಎಂಥ ಮಾನಭಂಗ ಎಂದು ನನಗೆ ತಿಳಿಯಿತು.

“ಮೂವತ್ತೊಂದರಾಗ ಇಪ್ಪತ್ತೆರಡ ನನ್ನೂವು. ಉಳಿದ ಒಂಬತ್ತು ನಮ್ಮಣ್ಣನೂವು, ಹೊಳಿಯಾಚೆ ಕಾಗವಾಡ ಕಡಿವು. ಅವನ ಬಾಯಾಗಿನದು ಅವನ ಕೂಡ ಹೋತು. ಅವನ್ನ ನಾ ಕಲೀಲಿಲ್ಲ, ಹೊತ್ತಿಗಿ ಐತೆಲ್ಲಾ ಅಂತ ಬಿಟ್ಟೆ,” ಎಂದು ಒಂಬತ್ತು ಕಟ್ಟುಗಳನ್ನು ಬೇರೆ ತೆಗೆದಿಟ್ಟರು.

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ನನಗೆ ಉಳಿದಿತ್ತು. ಅವರ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಕಟ್ಟಿದೆ. ಕದ್ದ ಅಕ್ಷರ ಬಿಟ್ಟು, ವಿಂಡೋಸಿನಲ್ಲೇ ಪುಕ್ಕಟೆ ಬರುವ ಕನ್ನಡ, ಮರಾಠಿ ಕೀಲಿಮಣೆ ಹಾಕಿದೆ. ಹತ್ತು ದಿನ ಕೈ ತಡವರಿಸುತ್ತದೆ, ಆಮೇಲೆ ಓಡುತ್ತದೆ. ಆಂಟಿವೈರಸ್ ಚಾಲೂ ಇಟ್ಟೆ. ಸೊಸೆ ದಿನಾ ಕೂರುವ ಖಾತೆಗೆ ಹೊಸ ಸಾಫ್ಟ್‌ವೇರ್ ಹಾಕುವ ಅಧಿಕಾರ ತೆಗೆದು, ಅದಕ್ಕೆ ಬೇರೆ ಖಾತೆ, ಬೇರೆ ಗುಪ್ತಪದ ಮಾಡಿದೆ. ಹೊರಗಿನ ಡಿಸ್ಕ್ ಎರಡು. ಒಂದು ಇವರ ಮನೆಯಲ್ಲಿ, ಇನ್ನೊಂದು ಅವಳ ತವರಿನಲ್ಲಿ, ಎರಡನ್ನೂ ಒಂದೇ ದಿನ ಹಚ್ಚುವಂತಿಲ್ಲ. ಈ ಸಲ ಪ್ರತಿಯೊಂದಕ್ಕೂ ಯಾಕೆ ಎಂದು ಹೇಳಿದೆ. ಕಳ್ಳ ಒಳಗಿದ್ದಾಗ ತೆರೆದ ಬಾಗಿಲೆಲ್ಲ ಅವನದೇ ಎಂದೆ. ಅಜ್ಜ ಗಮನವಿಟ್ಟು ಕೇಳಿ, “ಇದನ್ನ ಮೊದಲ ಹೇಳಿದ್ರ ಹಾಳಿ ಮ್ಯಾಲ ಡಬ್ಬಿ ಚಿತ್ರಾ ಬರದ ಪೂಜಿ ಮಾಡತಿದ್ವೆಲ್ರಿ,” ಅಂದರು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಅವರು ಹೊರಟರು. ಎರಡು ತಿಂಗಳು ಆಗಾಗ ಸೊಸೆಯ ಫೋನ್ ಬರುತ್ತಿತ್ತು. ರಾಯಬಾಗ ಕಡೆ ಹದಿನಾಲ್ಕು ಊರು ಮುಗಿದವು. ಒಂದು ಮನೆಯಲ್ಲಿ, ಖಾಲಿ ಹಾಳೆ ತಂದು ವಂಶ ಓದಲು ಬಂದಿದ್ದೀರಾ ಎಂದು ನಕ್ಕರಂತೆ. ಅಜ್ಜ ಕಣ್ಣು ಮುಚ್ಚಿ ಹನ್ನೊಂದು ತಲೆ ಒಂದೇ ಉಸಿರಿಗೆ ಹೇಳಿದ ಮೇಲೆ ಆ ಮನೆಯ ಯಜಮಾನ ಎದ್ದು ತಲೆಗೆ ಪಟಕಾ ಸುತ್ತಿಕೊಂಡು ಬಂದು ಕೂತನಂತೆ. ಇನ್ನೊಂದು ಮನೆಯಲ್ಲಿ ನಡುವಿನ ಒಂದು ಹೆಸರು ಅಜ್ಜನಿಗೆ ಬರಲೇ ಇಲ್ಲವಂತೆ. ಅಲ್ಲೂ ಬಿಳಿಯೇ ಉಳಿಯಿತು. ಕೇಳಿಸಿಕೊಂಡು ಹೂಂ ಎನ್ನುತ್ತಿದ್ದೆ. ಒಳ್ಳೆಯದಾಯಿತು ಅಂತಲೂ ಅನ್ನಿಸುತ್ತಿರಲಿಲ್ಲ, ಕೆಟ್ಟದ್ದಾಯಿತು ಅಂತಲೂ.

ಯುಗಾದಿ ಕಳೆದ ಮೇಲೆ ಇಬ್ಬರೂ ಬಸ್ಸಿನಲ್ಲಿ ನನ್ನ ಅಂಗಡಿಗೆ ಬಂದರು. ತುಂಬಿದ ಇಪ್ಪತ್ತೆರಡು ಹೊತ್ತಿಗೆಗಳ ಹೊಸ ಫೋಟೋ ತೆಗೆಯಬೇಕಿತ್ತು. ಈ ಸಲ ಕುಗ್ಗಿಸುವ ಮಾತೇ ಇರಲಿಲ್ಲ. ಚೀಲದಲ್ಲಿ ಆ ಒಂಬತ್ತೂ ಇದ್ದವು. ಅಜ್ಜ ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಕೊನೆಯ ಕಟ್ಟಿನ ಕೊನೆಯ ಖಾಲಿ ಹಾಳೆ ತೆಗೆದು ನನ್ನ ಮುಂದಿಟ್ಟರು.

“ಹೊತ್ತಿಗಿ ನಕಲು ಮಾಡಿದವರು ಕಡೀ ಹಾಳ್ಯಾಗ ಬರೀಬೇಕ್ರಿ. ಯಾವುದನ್ನ ನೋಡಿ ಮಾಡಿದ್ರು, ಏನ ಬಿಟ್ಟಹೋತು, ಯಾರ ಕೈಯಾಗ ಹೋತು. ಮುಂದ ಓದೂರಿಗೆ ಗೊತ್ತಾಗಬೇಕಲ್ಲಾ. ಬರೀರಿ.”

ಬರೆದೆ. ನೀರಲ್ಲಿ ನೆನೆದ ಹೊತ್ತಿಗೆಯ ಫೋಟೋ ನೋಡಿ ಮಾಡಿದ್ದು. ಪ್ರತಿ ಪುಟದ ಮೇಲಿನ ಪಾಲು ನನ್ನ ಕೈಯಿಂದ ಹೋಯಿತು. ಕೆಳಗೆ ನನ್ನ ಹೆಸರು ಹಾಕಿದೆ. ಒಕ್ಕಲು ಮನೆಗಳ ಹೊತ್ತಿಗೆಯಲ್ಲಿ ಹೆಣ್ಣುಮಕ್ಕಳ ಹೆಸರು ಏರುವುದು ಅಪರೂಪ. ನನ್ನದು ಹೀಗೆ ಏರಿತು.

“ಬರೇ ಹೆಸರ ನಡಿಯೂದಿಲ್ರಿ ಬಾಯಾರ. ಯಾರ ಮಗಳು, ಯಾರ ಮೊಮ್ಮಗಳು, ಮ್ಯಾಲ ಹತ್ಕೋತ ಹೋಗ್ರಿ. ತವರು ಯಾವೂರು?”

“ಶಿರಗುಪ್ಪಿರಿ, ಹೊಳಿಯಾಚೆ ಕಾಗವಾಡ ಕಡೆ.”

ಅಜ್ಜ ಸೊಸೆಯನ್ನು ನೋಡಿದರು. ಅವಳು ಒಂಬತ್ತರಲ್ಲಿ ಒಂದು ಕಟ್ಟು ಎಳೆದು, ನನ್ನ ಅಪ್ಪನ ಹೆಸರು ಕೇಳಿ, ಬುಡದ ಸಾಲುಗಳ ಮೇಲೆ ಬೆರಳಾಡಿಸುತ್ತ ಹುಡುಕಿದಳು. ಸಿಕ್ಕಿತು. ಅಪ್ಪನ ಹೆಸರು, ಪಕ್ಕದಲ್ಲಿ ಇಬ್ಬರು ಕಾಕಾಗಳದು. ಅದರ ಮೇಲೆ ಅಪ್ಪನ ಅಪ್ಪನ ಹೆಸರು. ಅದರ ಮೇಲೆ ಬಿಳಿ. ಆ ಪುಟದ ಬಣ್ಣ ತಿದ್ದಿದವಳು ನಾನೇ, ಗೆರೆಗೆ ಗೆರೆ ಕೂಡಿಸಿದವಳು ನಾನೇ. ಓದಿರಲಿಲ್ಲ.

ಅಪ್ಪ ಇಲ್ಲ. ಕಾಕಾಗಳೂ ಇಲ್ಲ. ಚಿಕ್ಕವಳಿದ್ದಾಗ ನಮ್ಮ ಪಡಸಾಲೆಯಲ್ಲಿ ಒಬ್ಬರು ಕೂತು ಏನೋ ಓದುತ್ತಿದ್ದರು, ಅಪ್ಪ ಕೈ ಮುಗಿದು ಕೇಳುತ್ತಿದ್ದರು, ನಾನು ಅಂಗಳದಲ್ಲಿ ಆಡುತ್ತಿದ್ದೆ. ಒಂದು ಹೆಸರನ್ನಾದರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅಪ್ಪನ ಹೆಸರು ಬರೆದೆ, ಅವರಪ್ಪನದು ಬರೆದೆ. ಪೆನ್ನು ನಿಂತಿತು. ಅಮಾವಾಸ್ಯೆಯ ಮರುದಿನದಿಂದ ಬಾರದೆ ಇದ್ದ ಅಳು ಆಗ ಬಂತು, ಗಿರಾಕಿಗಳ ಎದುರಿಗೇ, ತಡೆಯಲು ಆಗದ ಹಾಗೆ.

ಅಜ್ಜ ಕಾದರು. ಅಳು ನಿಂತ ಮೇಲೆ ಕೇಳಿದರು.

“ಮುಂದ?”

“ಗೊತ್ತಿಲ್ರಿ ಅಜ್ಜಾರ.”

“ನನಗೂ ಗೊತ್ತಿಲ್ರಿ. ಗೊತ್ತಿಲ್ಲಂತ ಬರೀರಿ.”

ಬರೆದೆ.